ಎರಡೂ ಸೈನ್ಯಕ್ಕೆ ಉಡಿ ತುಂಬಿದ ಗಿರಿಜವ್ವ

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಬೀದಿದೀಪಗಳು ಇನ್ನೂ ಆರಿಲ್ಲ. ಗಿರಿಜವ್ವನವರ ಗ್ಯಾರೇಜಿನ ಬಾಗಿಲು ಮಾತ್ರ ಮೊಣಕಾಲೆತ್ತರಕ್ಕೆ ತೆರೆದಿದೆ. ಒಳಗಿನ ಬೆಳಕು ಡ್ರೈವ್‌ವೇ ಮೇಲೆ ಚಾಪೆ ಹಾಸಿದಂತೆ ಬಿದ್ದಿದೆ. ಒಳಗೆ ಕಾರಿಲ್ಲ, ಅದು ಎಷ್ಟೋ ವರ್ಷಗಳಿಂದ ರಸ್ತೆಯ ಬದಿಯಲ್ಲೇ ನಿಲ್ಲುತ್ತದೆ. ಕಾರು ಇರಬೇಕಾದ ಜಾಗದಲ್ಲಿ ಹಳೆಯ ಕಾರ್ಪೆಟ್ಟಿನ ತುಂಡು, ಅದರ ಮೇಲೆ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕುಳಿತ ಗಿರಿಜವ್ವ. ತೊಡೆಯ ಮೇಲೆ ಒಂದು ದಪ್ಪ ಅಂಗಿ. ಬಟ್ಟೆಯ ಪದರಗಳನ್ನು ದಾಟಿ ಸೂಜಿ ಆಚೆ ಬರುವಾಗಲೆಲ್ಲ ಸಣ್ಣದೊಂದು ಸದ್ದು.

“ಚಾ ಕುಡೀತೀರೇನ್ರಿ? ಫ್ಲಾಸ್ಕಿನ್ಯಾಗ ಐತಿ, ನೀವ ಬಗ್ಗಿಸಿಕೊಳ್ರಿ. ಈ ಸಾಲು ಮುಗಿಯೂತನಕ ನನ್ನ ಕೈ ಬಿಡಂಗಿಲ್ಲ,” ಎನ್ನುತ್ತಾರೆ ನನಗೆ, ತಲೆ ಎತ್ತದೆ.

ಅವರು ಹೊಲಿಯುತ್ತಿರುವುದು ಸೈನಿಕನೊಬ್ಬನ ಅಂಗಿ. ಆ ಸೈನಿಕ ಹೋರಾಡುವ ಯುದ್ಧ ಮುಗಿದು ಎಂಟುನೂರು ವರ್ಷದ ಮೇಲಾಗಿದೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಹಳೆಯ ಕಾಲದ ಯುದ್ಧಗಳನ್ನು ಬಯಲಿನಲ್ಲಿ ಆಡಿ ತೋರಿಸುವ ಒಂದು ಸಂಘವಿದೆ. ಅದರಲ್ಲಿ ದಾದಿಯರಿದ್ದಾರೆ, ಪ್ಲಂಬರ್‌ಗಳಿದ್ದಾರೆ, ಬ್ಯಾಂಕಿನವರಿದ್ದಾರೆ. ವಾರವಿಡೀ ದುಡಿದು ರಜಾದಿನಗಳಲ್ಲಿ ಕಬ್ಬಿಣದ ಬಳೆಗಳ ಕವಚ ತೊಟ್ಟು, ಮೊಂಡು ಕತ್ತಿ ಹಿಡಿದು ಬಡಿದಾಡುತ್ತಾರೆ. ಕತ್ತಿ ಮೊಂಡಾದರೂ ಏಟು ಏಟೇ. ಅದು ಪಕ್ಕೆಲುಬಿಗೆ ತಾಗದಂತೆ ಕವಚದ ಕೆಳಗೆ ತೊಡುವ ಅಂಗಿಯನ್ನು ಹೊಲಿದುಕೊಡುವವರು ಬೆಳಗಾವಿಯ ಕಡೆಯ ಈ ಗಿರಿಜವ್ವ. ಪ್ರದರ್ಶನದ ದಿನ ಧ್ವನಿವರ್ಧಕದಲ್ಲಿ ಎಲ್ಲರ ಹೆಸರು ಹೇಳುತ್ತಾರೆ. ಇವರ ಹೆಸರು ಬರುವುದಿಲ್ಲ. ಅಂಗಿ ಕವಚದ ಒಳಗಿರುತ್ತದೆ, ಯಾರಿಗೂ ಕಾಣುವುದಿಲ್ಲ.

ಕಳೆದ ಫೆಬ್ರವರಿಯಲ್ಲಿ ಈ ಕೆಲಸ ಅವರ ಕೈತಪ್ಪಿ ಹೋಗುವುದರಲ್ಲಿತ್ತು. ಕಾರಣ, ಒಂದೊಂದು ಚಿಟಿಕೆ ಜೋಳ.

ಗಿರಿಜವ್ವ ಈ ದೇಶಕ್ಕೆ ಬಂದದ್ದು ಗಂಡ ಅಡಿವೆಪ್ಪ ಅವರಿಗೆ ಸಿಕ್ಕ ಪಿಆರ್, ಅಂದರೆ ಕಾಯಂ ವಾಸದ ಅನುಮತಿಯ ಜೊತೆಗೆ. ಅಡಿವೆಪ್ಪ ಯಂತ್ರಗಳ ನಕ್ಷೆ ಬರೆಯುವವರು. ಗಿರಿಜವ್ವನಿಗೆ ಸಿಕ್ಕಿದ್ದು ಕ್ಯಾರವಾನು ಎಂಬ ಮನೆಗಾಡಿಗಳಿಗೆ ಕ್ಯಾನ್ವಾಸಿನ ಚಪ್ಪರ ಹೊಲಿಯುವ ಕಾರ್ಖಾನೆಯ ಕೆಲಸ. ದೊಡ್ಡ ಮಷಿನ್ನು, ಉದ್ದನೆಯ ನೇರ ಹೊಲಿಗೆ, ದಿನವಿಡೀ ನಿಂತೇ ಇರಬೇಕು. ಬೆನ್ನು ಹಿಡಿಯಿತು. ಆಮೇಲೆ ಕಾರ್ಖಾನೆಯೇ ಮುಚ್ಚಿತು. ಮಾರ್ಟ್‌ಗೇಜ್ ಎಂಬ ಮನೆಸಾಲ ತಲೆಯ ಮೇಲಿತ್ತು. ಪೆಂಡಲ್ ಹಿಲ್‌ನ ದಿನಸಿ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿ ರವಿಕೆ, ಸೀರೆಯ ಫಾಲ್, ಶಾಲೆಯ ಪ್ಯಾಂಟಿನ ಅಂಚು ಎಂದು ಸಣ್ಣಪುಟ್ಟ ಹೊಲಿಗೆ ಹಿಡಿದರು.

“ಎಲ್ಲಾರೂ ಮಷಿನ್ ಹೊಲಿಗೀನ ಕೇಳ್ತಿದ್ರು. ನನ್ನ ಕೈ ಹೊಲಿಗಿ ಯಾರಿಗೆ ಬೇಕಾಗಿತ್ರಿ? ಅದನ್ನ ನನ್ನ ಹಾಸಿಗಿಗಷ್ಟ ಇಟ್ಕೊಂಡಿದ್ದೆ,” ಎನ್ನುತ್ತಾರೆ.

ಹಾಸಿಗೆ ಎಂದರೆ ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕುತ್ತ ಬಂದು ಮಾಡುವ ಹೊದಿಕೆ. ಒಂದು ದಿನ ಅದನ್ನು ಒಗೆದು ಹಿತ್ತಲಿನಲ್ಲಿ ಒಣಹಾಕಿದ್ದರು. ಪಕ್ಕದ ಮನೆಯ ಮೊರೀನ್, ಆಸ್ಪತ್ರೆಯಲ್ಲಿ ದಾದಿ, ಬೇಲಿಯಾಚೆಯಿಂದ ಕೈ ಚಾಚಿ ಕೌದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಅವರು ಆ ಸಂಘದ ಸದಸ್ಯೆ. ಕವಚದ ಕೆಳಗೆ ಆ ಕಾಲದ ಸೈನಿಕರು ತೊಡುತ್ತಿದ್ದುದು ಇಂಥದನ್ನೇ, ಹಳೆಯ ನೂಲು ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದದ್ದನ್ನು ಎಂದರು. ಅಂಗಡಿಯಿಂದ ತರಿಸಿದ ಅಂಗಿಗಳು ಇಲ್ಲಿಯ ಬಿಸಿಲಿಗೆ ಆಗುತ್ತಿರಲಿಲ್ಲ. ಒಳಗೆ ಪ್ಲಾಸ್ಟಿಕ್ಕಿನ ಹತ್ತಿ, ತೊಟ್ಟವರು ತಲೆ ಸುತ್ತಿ ಬೀಳುತ್ತಿದ್ದರು. ಗಿರಿಜವ್ವ ಒಂದು ಅಂಗಿ ಹೊಲಿದುಕೊಟ್ಟರು. ಅದು ಬೆವರು ಕುಡಿಯಿತು, ಏಟು ತಡೆಯಿತು. ಅಲ್ಲಿಂದ ಇದು ಶುರುವಾಯಿತು. ಮೂರು ವಾರಕ್ಕೆ ಒಂದು ಅಂಗಿ ಮುಗಿಯುತ್ತದೆ, ಬೆಳಗಿನ ಈ ಹೊತ್ತು ಮತ್ತು ಮಧ್ಯಾಹ್ನ ಊಟವಾದ ಮೇಲಿನ ಹೊತ್ತು ಸೇರಿಸಿ.

ಹೊರಗಡೆ ಒರಟು ಬಿಳಿ ಬಟ್ಟೆ. ಒಳಗೆಲ್ಲ ನಮ್ಮವರ ಸೀರೆ. ಕನ್ನಡದ ಮನೆಗಳಿಂದ ಹಳೆಯ ಹತ್ತಿ ಸೀರೆಗಳು ಚೀಲದಲ್ಲಿ ಬರುತ್ತವೆ. ಪೆಂಡಲ್ ಹಿಲ್‌ನ ಇಂದಿರಮ್ಮ ತಮ್ಮ ತೀರಿಕೊಂಡ ತಾಯಿಯ ಇಳಕಲ್ ಸೀರೆಗಳನ್ನೇ ತಂದುಕೊಟ್ಟರು. ಪೆಟ್ಟಿಗೆಯಲ್ಲಿಟ್ಟು ಹುಳ ಹಿಡಿಸುವುದಕ್ಕಿಂತ ಯಾರದಾದರೂ ಮೈಮೇಲೆ ಇರಲಿ ಎಂದು.

ಈ ಸಲ ಸಂಘ ಆಡಬೇಕೆಂದುಕೊಂಡದ್ದು ಹತ್ತೀನ್ ಕದನ. 1187ರ ಬೇಸಿಗೆ, ಪ್ಯಾಲೆಸ್ಟೈನಿನ ಒಣ ಗುಡ್ಡಗಳು. ಜೆರುಸಲೇಮಿನ ಕ್ರೈಸ್ತ ಅರಸನ ಸೈನ್ಯ ನೀರಿಲ್ಲದ ಬಯಲಿನಲ್ಲಿ ಬಿಸಿಲಿಗೆ ನಡೆದು ಬಂದಿತ್ತು. ಸರೋವರ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು, ಆದರೆ ದಾರಿಯನ್ನು ಸುಲ್ತಾನ ಸಲಾಹುದ್ದೀನನ ಸೈನ್ಯ ಕಟ್ಟಿತ್ತು. ಬಾಯಾರಿದವರ ಮೇಲೆ ಒಣಹುಲ್ಲಿಗೆ ಹಚ್ಚಿದ ಬೆಂಕಿಯ ಹೊಗೆ ಬಂತು. ಸೈನ್ಯ ಮುರಿಯಿತು, ಅರಸ ಸೆರೆಯಾದ. ಕೆಲವೇ ತಿಂಗಳಲ್ಲಿ ಜೆರುಸಲೇಮ್ ನಗರ ಸುಲ್ತಾನನ ಕೈಸೇರಿತು. ಎರಡು ಧರ್ಮಗಳ ಚರಿತ್ರೆಯಲ್ಲಿ ಆ ದಿನದ ನೆನಪು ಇನ್ನೂ ಮಾಸಿಲ್ಲ.

“ಮೊರೀನ್ ನನಗ ಈ ಕತಿ ಹೇಳಿದಾಗ ಯಾರು ಗೆದ್ರು ಅಂತ ನಾ ಕೇಳ್ಲೇ ಇಲ್ರಿ,” ಎನ್ನುತ್ತಾರೆ ಗಿರಿಜವ್ವ. “ಅಷ್ಟು ಮಂದಿಗೆ ಒಂದು ತಂಬಗಿ ನೀರು ಕೊಡಾಂವ ಯಾರೂ ಇರ್ಲಿಲ್ಲೇನು ಅಂದೆ.”

ಎರಡೂ ಕಡೆಯವರು ಒಳಗೆ ತೊಡುತ್ತಿದ್ದುದು ಇಂಥದೇ ಹೊಲಿದ ಅಂಗಿ. ಹಾಗಾಗಿ ಎರಡೂ ಸೈನ್ಯದ ಅಂಗಿಗಳು ಗಿರಿಜವ್ವನ ಪಾಲಿಗೆ ಬಂದವು. ಕಳೆದ ವರ್ಷವಿಡೀ ಹೊಲಿದು, ಒಂದೊಂದೇ ಮುಗಿಸಿ ಮೆಲ್ಬರ್ನ್‌ಗೆ ಕಳಿಸಿದರು. ಅಲ್ಲಿ ವೆರಿಬೀ ಎಂಬ ಊರಿನ ಆಚೆ ಸಂಘದ ಮುಖ್ಯಸ್ಥ ಗ್ರೆಗ್ ಅವರ ಹೊಲವಿದೆ. ಹೊಲದ ಶೆಡ್ಡಿನಲ್ಲಿ ಅಂಗಿಗಳನ್ನು ಜೋಡಿಸಿಟ್ಟರು.

ಅಂಗಿಗಳ ಒಳಗೆ ಸೀರೆಯ ಜೊತೆ ಇನ್ನೊಂದು ವಸ್ತುವೂ ಹೋಗಿತ್ತು. ಗಿರಿಜವ್ವನ ತವರಿನಲ್ಲಿ ಕೌದಿಯನ್ನು ಪೂರ್ತಿ ಹೊಲಿದು ಮುಗಿಸುವ ಮೊದಲು ಅಂಗೈಯಗಲದ ಒಂದು ಬಾಯಿ ಬಿಡುತ್ತಾರೆ. ಅದರೊಳಗೆ ಒಂದು ಚಿಟಿಕೆ ಜೋಳ ಹಾಕಿ, ಮೇಲೆ ಮೂರು ಮೂಲೆಯ ಬಟ್ಟೆಯ ಹೂವಿಟ್ಟು ಮುಚ್ಚುತ್ತಾರೆ. ಗಂಡನ ಮನೆಗೆ ಹೊರಟ ಮಗಳಿಗೆ ಸೆರಗಿನಲ್ಲಿ ಉಡಿ ತುಂಬಿ ಕಳಿಸುವಂತೆ, ಮನೆ ಬಿಟ್ಟು ಹೋಗುವ ಕೌದಿಗೂ ಉಡಿ ತುಂಬುವುದು. ಈ ಊರಿನ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಕಾಳು ಸಿಗುವುದಿಲ್ಲ. ಗಿರಿಜವ್ವ ಸಾಕುಹಕ್ಕಿಗಳಿಗೆ ಹಾಕುವ ಕಾಳಿನ ಚೀಲ ತಂದು, ಮೊರದಲ್ಲಿ ಕೇರಿ, ಅದರೊಳಗಿನ ಜೋಳವನ್ನು ಆರಿಸಿಕೊಳ್ಳುತ್ತಾರೆ. ಹಾಗೆ ಆರಿಸಿದ ಜೋಳ ಒಂದೊಂದು ಅಂಗಿಯ ಒಳಗೂ, ಹೊಟ್ಟೆಯ ಮೇಲೆ ಬರುವ ಹೂವಿನ ಕೆಳಗೆ ಸೇರಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದು ತೋಚಿಯೂ ಇರಲಿಲ್ಲ.

ಬರಗಾಲದ ವರ್ಷ. ಹೊಲದಲ್ಲಿ ಹಸಿರು ಹುಲ್ಲಿಲ್ಲ, ಕಾಳಿಲ್ಲ. ಇಲಿಗಳು ಶೆಡ್ಡಿಗೆ ನುಗ್ಗಿದವು. ಫೆಬ್ರವರಿಯಲ್ಲಿ ಗ್ರೆಗ್ ಪೆಟ್ಟಿಗೆ ತೆರೆದರೆ ಅಂಗಿಗಳ ಹೊಟ್ಟೆಯಲ್ಲಿ ತೂತು. ಹೂವು ಹರಿದು, ಪದರ ಪದರವಾಗಿ ಸೀರೆಗಳನ್ನು ಕಡಿದು ಹಾಕಿದ್ದವು. ಗಟ್ಟಿಯಾಗಿ ಉಳಿದಿದ್ದ ಒಂದನ್ನು ಬಿಚ್ಚಿದಾಗ ಒಳಗಿನಿಂದ ಜೋಳ ಉದುರಿತು.

ಗ್ರೆಗ್ ಕೆಟ್ಟ ಮನುಷ್ಯರಲ್ಲ. ಫೋನಿನಲ್ಲಿ ದನಿ ಏರಿಸಲಿಲ್ಲ. ಆದರೆ ಅವರು ಹೇಳಿದ್ದು ಸ್ಪಷ್ಟವಾಗಿತ್ತು. ತೂತಾದ ಅಂಗಿಯಲ್ಲಿ ಯಾರನ್ನೂ ಕತ್ತಿಯೆದುರು ನಿಲ್ಲಿಸಲಾಗದು. ಎಲ್ಲ ಅಂಗಿಗಳನ್ನೂ ಬಿಚ್ಚಿ, ಕಾಳು ತೆಗೆದು, ಮತ್ತೆ ಮುಚ್ಚಬೇಕು. ಪ್ರದರ್ಶನದೊಳಗೆ ಆಗದಿದ್ದರೆ ಕದನ ರದ್ದು, ಮುಂದಿನ ಅಂಗಿಗಳು ಯುರೋಪಿನಿಂದ ಬರುತ್ತವೆ.

“ನಾನೂ ಅಂದೆ, ಜಾಕೀಟಿನೊಳಗ ಯಾರರ ಊಟ ಕಟ್ಟಿ ಇಡ್ತಾರೇನ?” ಎಂದು, ಅಷ್ಟರಲ್ಲಿ ಗ್ಯಾರೇಜಿಗೆ ಬಂದ ಅಡಿವೆಪ್ಪ ಹೆಂಡತಿಯ ಕಡೆ ನೋಡಿ ನಗುತ್ತಾರೆ. “ಆ ದಿನ ನನಗೂ ಊಟ ಇರ್ಲಿಲ್ಲ ಬಿಡ್ರಿ.”

ಕೆಲಸಕ್ಕೆ ರಜೆ ಹಾಕಿ, ಅಡಿವೆಪ್ಪ ಕಾರಿನಲ್ಲಿ ಹೆಂಡತಿಯನ್ನೂ ಎರಡು ಚೀಲ ಸೀರೆಯನ್ನೂ ಹತ್ತಿಸಿಕೊಂಡು ಮೆಲ್ಬರ್ನ್‌ಗೆ ಹೊರಟರು. ವೆರಿಬೀಯ ಧಾರವಾಡದ ಕುಟುಂಬವೊಂದು ಉಳಿಯಲು ಜಾಗ ಕೊಟ್ಟಿತು. ಮುಂದೆ ಶೆಡ್ಡಿನಲ್ಲಿ ನಡೆದುದನ್ನು ನನಗೆ ಹೇಳಿದವರು ಅಡಿವೆಪ್ಪನವರೇ.

ಗಿರಿಜವ್ವ ಸಿಮೆಂಟಿನ ನೆಲದ ಮೇಲೆ ಕುಳಿತು ಒಂದೊಂದೇ ಅಂಗಿಯ ಹೂವು ಬಿಚ್ಚಿದರು. ಉಳಿದ ಜೋಳವನ್ನು ಬಟ್ಟಲಿಗೆ ಸುರಿದರು. ಇಲಿ ಕಡಿದಲ್ಲೆಲ್ಲ ಹೊಸ ಸೀರೆಯ ತೇಪೆ ಕೊಟ್ಟು ಗಟ್ಟಿ ಮಾಡಿದರು. ಇಷ್ಟೂ ಕೆಲಸ ಸರಸರನೆ ಸಾಗಿತು. ಮೊದಲನೆಯ ಅಂಗಿಯ ಬಾಯಿ ಮುಚ್ಚಬೇಕಾದಾಗ ಸೂಜಿ ನಿಂತಿತು. ದಾರ ಪೋಣಿಸಿದ ಸೂಜಿ ಹಿಡಿದುಕೊಂಡು ಹಾಗೇ ಕುಳಿತರು. ಗ್ರೆಗ್ ಎರಡು ಸಲ ಬಂದು ನೋಡಿ ಹೋದರು.

ಅಲ್ಲೇ ಬೆಂಚಿನ ಮೇಲೆ ನಬೀಲ್ ತನ್ನ ಕವಚದ ಬಳೆಗಳನ್ನು ಸರಿಪಡಿಸಿಕೊಳ್ಳುತ್ತಿದ್ದ. ಲೆಬನಾನಿನ ಮೂಲದವನು, ಮೆಲ್ಬರ್ನ್‌ನಲ್ಲಿ ಟ್ರಾಮ್ ಓಡಿಸುತ್ತಾನೆ, ಯುದ್ಧದಲ್ಲಿ ಸುಲ್ತಾನನ ಕಡೆಯವನು. ಯಾಕೆ ನಿಲ್ಲಿಸಿದಿರಿ ಆಂಟಿ ಎಂದು ಕೇಳಿದ. ಗಿರಿಜವ್ವ ಕಾರ್ಖಾನೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಊರಿನಲ್ಲಿ ತನಗಿದ್ದ ಒಬ್ಬ ತಮ್ಮನ ವಿಷಯ ಹೇಳಿದರು.

ಆ ಮಾತನ್ನು ಈಗ ನನಗೂ ಹೇಳುತ್ತಾರೆ, ಕೈ ಹೊಲಿಯುತ್ತಲೇ ಇರುತ್ತದೆ.

“ನನ್ನ ತಮ್ಮ ಚನ್ನಮಲ್ಲಪ್ಪ ಮಿಲಿಟ್ರ್ಯಾಗ ಇದ್ದ. ರಜಾಕ್ಕ ಬಂದಾಗ ನಮ್ಮವ್ವ ಅವಗೊಂದು ಕೌದಿ ಹೊಲಿಯಾಕ ಹತ್ತಿದ್ಲು. ನಡುವ ತಾರು ಬಂತು, ತಟ್ನ ಹೊಂಡು ಅಂತ. ಇನ್ನ ಉಡಿ ತುಂಬಿರ್ಲಿಲ್ಲ, ಬಾಯಿ ತೆರದ ಇತ್ತು. ‘ಮುಂದಿನ ರಜಾಕ್ಕ ತುಂಬೀಯಂತ ಕೊಡಬೇ’ ಅಂತ ಕಸಕೊಂಡು ಟ್ರಂಕಿನ್ಯಾಗ ತುರುಕಿದ. ಶ್ರೀಲಂಕಾಕ್ಕ ಕಳಿಸಿದ್ರು ಅವನ್ನ. ಟ್ರಂಕು ಬಂತು, ಕೌದಿ ಬಂತು. ಅವ ಬರ್ಲಿಲ್ಲ.”

ಒಂದು ಸಾಲು ಮುಗಿಯುತ್ತದೆ. ದಾರ ಹಲ್ಲಿನಿಂದ ಕಡಿಯುತ್ತಾರೆ.

“ಕೌದಿಯಿಂದ ಯಾರೂ ಸಾಯಂಗಿಲ್ರಿ. ಅಷ್ಟು ಬುದ್ಧಿ ನನಗೈತಿ. ಆದ್ರ ಕೈಗೆ ಬುದ್ಧಿ ಇರಂಗಿಲ್ಲ ನೋಡ್ರಿ. ಬಡದಾಡಾಕ ಹೊಂಟಾಂವನ ಅಂಗಿ ಖಾಲಿ ಉಡೀಲೆ ಮುಚ್ಚು ಅಂದ್ರ ಅದು ಮುಚ್ಚಂಗಿಲ್ಲ.”

ಶೆಡ್ಡಿನಲ್ಲಿ ಇದನ್ನು ಕೇಳಿದ ನಬೀಲ್ ಕವಚವನ್ನು ಬೆಂಚಿನ ಮೇಲೆ ಇಟ್ಟನಂತೆ. ಆಮೇಲೆ ಎದ್ದು ಬಂದು, ಹುಡುಗಾಟಕ್ಕೋ ನಿಜಕ್ಕೋ ತಿಳಿಯದಂತೆ, ತನ್ನ ನಿಲುವಂಗಿಯ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. “ಹಾಗಾದರೆ ಇಲ್ಲಿ ಹಾಕಿ ಆಂಟಿ. ನನ್ನ ಹತ್ತಿರ ಇಲಿ ಬರುವುದಿಲ್ಲ. ನನ್ನ ಅಜ್ಜಿಯೂ ಯಾರನ್ನೂ ಖಾಲಿ ಜೇಬಿನಲ್ಲಿ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.”

ಗಿರಿಜವ್ವ ಅವನ ಮುಖ ನೋಡಿದರು. ಬಟ್ಟಲಿನಿಂದ ಒಂದು ಹಿಡಿ ಜೋಳ ತೆಗೆದು ಆ ಅಂಚಿನಲ್ಲಿ ಹಾಕಿದರು. ಅಡಿವೆಪ್ಪನಿಗೆ ಸುಮ್ಮನಿರಲಾಗಲಿಲ್ಲ.

“ಏನ ಇದು, ಗಂಡಸರಿಗೆ ಉಡಿ ತುಂಬ್ತಾರೇನ?”

“ಕೌದಿಗೆ ತುಂಬೂವಾಗ ಅದು ಹೆಣ್ಣೋ ಗಂಡೋ ಅಂತ ಕೇಳಿದ್ನೇನ್ರಿ ನಾ?” ಎಂದು ಗಿರಿಜವ್ವ ಸೂಜಿ ಎತ್ತಿಕೊಂಡರು. ಅಂದು ಸಂಜೆಯೊಳಗೆ ಮೊದಲ ಅಂಗಿಗಳ ಬಾಯಿ ಮುಚ್ಚಿತು, ಖಾಲಿಯಾಗಿಯೇ. ಶುಕ್ರವಾರದ ಹೊತ್ತಿಗೆ ಎಲ್ಲವೂ ಮುಗಿದವು. ಗ್ರೆಗ್ ಒಂದೊಂದನ್ನೂ ಬೆಂಚಿನ ಮೇಲೆ ಹಾಸಿ ಕೋಲಿನಿಂದ ಬಡಿದು ನೋಡಿದರು. ತೇಪೆ ಕೊಟ್ಟ ಜಾಗ ಮೊದಲಿಗಿಂತ ಗಟ್ಟಿಯಾಗಿತ್ತು.

ಶನಿವಾರ ಬೆಳಿಗ್ಗೆ, ಪ್ರದರ್ಶನಕ್ಕೆಂದು ಸಿಡ್ನಿಯಿಂದ ಬಂದ ಇಂದಿರಮ್ಮನವರ ಜೊತೆ ನಾನೂ ಆ ಹೊಲದ ಬೇಲಿಯ ಬಳಿ ನಿಂತಿದ್ದೆ. ಕಣ್ಣು ಹಾಯಿಸಿದಷ್ಟೂ ಒಣ ಹಳದಿ ಹುಲ್ಲು. ಬಯಲಿನ ಎರಡು ತುದಿಗಳಲ್ಲಿ ಎರಡು ಸೈನ್ಯ. ನಡುವೆ ಹತ್ತಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ಗಿರಿಜವ್ವ. ನಬೀಲನ ಮಾತು ಇಡೀ ಸೈನ್ಯಕ್ಕೆ ಹಬ್ಬಿತ್ತು. ಮೊದಲು ಅವರು ಸುಲ್ತಾನನ ಕಡೆಯ ಸಾಲಿನ ಮುಂದೆ ನಡೆದರು. ಒಬ್ಬೊಬ್ಬರೂ ನಿಲುವಂಗಿಯ ಅಂಚು ಎತ್ತಿ ಹಿಡಿದರು. ಗಿರಿಜವ್ವ ಜೋಳ ಹಾಕಿ, ಮುಂದಿನವನ ಬಳಿ ಹೋದರು. ಆಮೇಲೆ ಬಯಲು ದಾಟಿ ಜೆರುಸಲೇಮಿನ ಅರಸನ ಕಡೆಗೆ. ಅಲ್ಲಿ ಗ್ರೆಗ್ ಮೊದಲು ನಿಂತಿದ್ದರು. ಆ ಎತ್ತರದ ಮನುಷ್ಯ ಮಂಡಿ ಬಗ್ಗಿಸಿ, ಶಿಲುಬೆ ಬರೆದ ನಿಲುವಂಗಿಯ ಅಂಚನ್ನು ಇವರ ಕೈಗೆ ಎಟುಕುವಂತೆ ಚಾಚಿದರು. ಯಾರೂ ನಗಲಿಲ್ಲ. ಕಾಳನ್ನು ಸೊಂಟಪಟ್ಟಿಯೊಳಗೆ, ಕೈಗವಸಿನೊಳಗೆ ಸೇರಿಸಿಕೊಂಡರು.

ಕದನ ನಡೆಯಿತು. ಬೆಂಕಿ ಹಚ್ಚುವುದಕ್ಕೆ ನಿಷೇಧವಿತ್ತು. ಹೊಗೆಯ ಬದಲು ಹೆಂಗಸರು ಬೂದುಬಣ್ಣದ ಉದ್ದನೆಯ ಬಟ್ಟೆಗಳನ್ನು ಬೀಸುತ್ತ ಓಡಿದರು. ಬಾಯಾರಿದವರ ಕಣ್ಣೆದುರೇ ಸುಲ್ತಾನನ ಸೈನಿಕರು ಚರ್ಮದ ಚೀಲದಿಂದ ನೀರು ನೆಲಕ್ಕೆ ಚೆಲ್ಲುವ ದೃಶ್ಯವಿತ್ತು. ಬರಗಾಲದಿಂದಾಗಿ ನೀರು ಚೆಲ್ಲುವುದಕ್ಕೂ ಅನುಮತಿ ಇರಲಿಲ್ಲ. ಚೀಲದಿಂದ ಮಣ್ಣು ಸುರಿದರು. ಬಾಯಾರಿಕೆಗೆ ಅದಕ್ಕಿಂತ ದೊಡ್ಡ ಚಿತ್ರ ನಾನು ಕಂಡಿಲ್ಲ. ಇಂದಿರಮ್ಮ ನನ್ನ ತೋಳು ಹಿಡಿದುಕೊಂಡು, “ಅಮ್ಮನ ಸೀರೆ ಯಾವ ಕಡೆ ಇದೆ ಅಂತ ಗಿರಿಜವ್ವಂಗೂ ನೆನಪಿಲ್ವಂತೆ ಕಣ್ರಿ. ನಾನು ಯಾರಿಗೆ ಏಟು ಬೀಳಬಾರದು ಅಂತ ನೋಡ್ಲಿ?” ಎಂದರು.

ಕೊನೆಗೆ ಬಯಲಿನ ತುಂಬ ಬಿದ್ದವರು. ಆ ಸಂಘದಲ್ಲಿ ಒಂದು ನಿಯಮವಿದೆ, ತಮಟೆ ಬಾರಿಸುವತನಕ ಬಿದ್ದವರು ಏಳುವಂತಿಲ್ಲ. ಬಿದ್ದವರ ಸೊಂಟಪಟ್ಟಿಗಳಿಂದ ಜೋಳ ಉದುರಿತ್ತು. ಬರಗಾಲಕ್ಕೆ ಹಸಿದ, ಈ ನಾಡಿನ ಬಿಳಿ ಗಿಳಿಗಳು ಎಲ್ಲಿಂದಲೋ ಬಂದು ಅವರ ನಡುವೆ ಇಳಿದವು. ಕವಚಗಳ ಮೇಲೆ ಕೂತು, ಪಕ್ಕೆಯ ಬಳಿ, ತೆರೆದ ಅಂಗೈಯ ಬಳಿ ಕಾಳು ಹೆಕ್ಕಿದವು. ತಮಟೆಯವನು ಎತ್ತಿದ ಕೋಲನ್ನು ಇಳಿಸಿದ. ಬೇಲಿಯ ಬಳಿ ಮಕ್ಕಳ ಗಲಾಟೆಯೂ ನಿಂತಿತು.

ಗಿರಿಜವ್ವ ಬೇಲಿಯ ತಂತಿ ಹಿಡಿದು ನಿಂತಿದ್ದರು. ತಮಟೆ ಬಾರಿಸಿದಾಗ ಗಿಳಿಗಳು ಎದ್ದವು, ಆಮೇಲೆ ಗಂಡಸರು ಎದ್ದರು, ಧೂಳು ಕೊಡವಿಕೊಂಡು, ಒಬ್ಬರು ಇನ್ನೊಬ್ಬರಿಗೆ ಕೈಕೊಟ್ಟು ಎಬ್ಬಿಸುತ್ತ. ಕೊನೆಯವನು ಎದ್ದು ನಿಲ್ಲುವವರೆಗೂ ಗಿರಿಜವ್ವ ತಂತಿ ಬಿಡಲಿಲ್ಲ. “ಎಲ್ಲಾರೂ ಎದ್ರೇನ್ರಿ?” ಎಂದು ಗಂಡನನ್ನು ಕೇಳಿದರು. “ಎಲ್ಲಾರೂ ಎದ್ರು, ನೋಡಲ್ಲೆ,” ಎಂದರು ಅಡಿವೆಪ್ಪ. ಆಗ ಸೆರಗಿನಿಂದ ಮುಖ ಒರೆಸಿಕೊಂಡರು.

ಕೆಲಸ ಉಳಿಯಿತು. ಮುಂದಿನ ವರ್ಷದ ಅಂಗಿಗಳೂ ಇವರಿಗೇ ಬಂದಿವೆ, ಈಗ ತೊಡೆಯ ಮೇಲಿರುವುದು ಅವುಗಳಲ್ಲಿ ಒಂದು. ಬಾಯಿ ಖಾಲಿಯಾಗಿಯೇ ಮುಚ್ಚುತ್ತಾರೆ. ಜೋಳದ ಡಬ್ಬಿ ಮಾತ್ರ ಬೇರೆಯಾಗಿ ಹೋಗುತ್ತದೆ, ಅದರ ಮೇಲೆ ‘ಇಲಿಗಳಿಗಲ್ಲ’ ಎಂದು ಗ್ರೆಗ್ ಇಂಗ್ಲಿಷಿನಲ್ಲಿ ಬರೆಸಿದ್ದಾರಂತೆ.

ಹೊರಗೆ ಬೆಳಗಾಗಿದೆ. ನಾನು ಮಕ್ಕಳ ಡಬ್ಬಿ ಕಟ್ಟುವುದಕ್ಕೆ ಹೊರಡಬೇಕು. ಎದ್ದವಳಿಗೆ ಗೋಡೆಯ ಕಪಾಟಿನಲ್ಲಿ ಮಡಚಿಟ್ಟ ಒಂದು ಹಳೆಯ ಕೌದಿ ಕಾಣುತ್ತದೆ. ಬಣ್ಣ ಮಾಸಿದ ಹೊಲಿಗೆಯ ನಡುವೆ ಒಂದು ಹೂವು ಮಾತ್ರ ಹೊಸದು, ಕೆಂಪು ದಾರವೂ ಹೊಸದು. ಟ್ರಂಕಿನಲ್ಲಿ ಮರಳಿ ಬಂದ ಕೌದಿ ಇದೇ. ತಾಯಿ ಬದುಕಿರುವತನಕ ಅದರ ಬಾಯಿ ಮುಚ್ಚಿರಲಿಲ್ಲ. ಆಮೇಲೆ, ಆ ಕದನ ಮುಗಿಯುವತನಕ, ಗಿರಿಜವ್ವನೂ ಮುಚ್ಚಿರಲಿಲ್ಲ. ಖಾಲಿಯಾಗಿಯೇ ಮುಚ್ಚಿದಿರಾ ಎಂದು ಕೇಳುತ್ತೇನೆ.

ಈ ಬೆಳಿಗ್ಗೆ ಗಿರಿಜವ್ವನ ಸೂಜಿ ಮೊದಲ ಸಲ ನಡುಸಾಲಿನಲ್ಲಿ ನಿಲ್ಲುತ್ತದೆ.

“ಇಲ್ರಿ. ಇದಕ್ಕ ತುಂಬೇ ಮುಚ್ಚೀನಿ. ಇಲಿ ತಿಂದ್ರ ತಿನ್ಲಿ ಬಿಡ್ರಿ, ಮತ್ತೊಮ್ಮೆ ಹೊಲಿತೀನಿ.”